ಗಂಟು ಬಿದ್ದ ಬೂಟು

ಲೇಸು ಗಂಟು ಹಾಕಿದ ಬೂಟುಗಳನ್ನು ಶಿಬಿರದಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಅದು ಪುಸ್ತಕದಲ್ಲಿ ಬರೆದಿಟ್ಟ ನಿಯಮವಲ್ಲ, ಉಗ್ರಾಣದ ರೂಢಿ. ಸಿಪಾಯಿಯೊಬ್ಬ ಸತ್ತರೆ ಉಗ್ರಾಣದಿಂದ ಬೂಟು ಹೊಲಿಯುವ ಮೋಚಿಗೆ ಒಂದು ಚೀಟಿ ಬರುತ್ತಿತ್ತು. ಅದರಲ್ಲಿ ಸತ್ತವನ ನಂಬರು, ಹೆಸರು, ಬೂಟಿನ ಅಳತೆ. ಮೋಚಿ ಆ ಜೋಡಿಯನ್ನು ಹುಡುಕಿ ತೆಗೆದು, ಮಣ್ಣು ಕೊಡವಿ, ಎಡಗಾಲಿನ ಲೇಸಿಗೆ ಬಲಗಾಲಿನ ಲೇಸು ಸೇರಿಸಿ ಒಂದೇ ಗಂಟು ಹಾಕಿ ವಾಪಸು ಕಳಿಸಬೇಕು. ಗಂಟು ಬಿದ್ದ ಜೋಡಿಯನ್ನು ಇನ್ನೊಬ್ಬನ ಕಾಲಿಗೆ ಕೊಡುವಂತಿರಲಿಲ್ಲ. ಅದು ಮನೆಯವರಿಗೆ ಹೋಗುವ ಪೆಟ್ಟಿಗೆಗೆ ಸೇರಬೇಕು. ತರಬೇತಿಗೆ ಹೊಸದಾಗಿ ಬಂದ ರಂಗರೂಟನಿಗೂ ಮೊದಲ ವಾರದಲ್ಲೇ ಈ ರೂಢಿ ಗೊತ್ತಾಗಿರುತ್ತಿತ್ತು.

ಶಿಬಿರದ ಮೋಚಿ, ಮಲಪನಗುಡಿಯ ತಾಯಪ್ಪ, ಐದು ವರ್ಷದಲ್ಲಿ ಅಂಥ ಮೂರು ಗಂಟು ಹಾಕಿದ್ದ. ಒಬ್ಬ ಮೇಲ್ಮಟ್ಟದ ಕಾಲುವೆಯಲ್ಲಿ ಈಜಲು ಹೋಗಿ ಮುಳುಗಿದವ. ಇನ್ನೊಬ್ಬನಿಗೆ ಸಂಡೂರು ಗುಡ್ಡದಲ್ಲಿ ಹಾವು ಕಚ್ಚಿತ್ತು. ಮೂರನೆಯವ ಹೇಗೆ ಸತ್ತನೆಂದು ಶಿಬಿರ ಹೇಳಲಿಲ್ಲ, ತಾಯಪ್ಪ ಕೇಳಲಿಲ್ಲ.

1971ರ ಡಿಸೆಂಬರ್ ಒಂಬತ್ತನೇ ತಾರೀಖು, ಒಂದೇ ದಿನ, ಎರಡು ಚೀಟಿ ಬಂದವು.

ಶಿಬಿರ ಇದ್ದದ್ದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಎಡಕ್ಕೆ, ಕೆಂಪು ಗುಡ್ಡದ ಬುಡದಲ್ಲಿ. ಅದಿರಿನ ಲಾರಿಗಳು ಹಾದುಹೋದಾಗ ಅದರ ತಗಡಿನ ಚಾವಣಿಗಳ ಮೇಲೆ ಕೆಂಪು ದೂಳು ಕೂರುತ್ತಿತ್ತು. ಆರು ತಿಂಗಳಿಗೊಮ್ಮೆ ಮುನ್ನೂರು ರಂಗರೂಟರು ಬಂದು, ಕವಾಯತು ಕಲಿತು, ಗಡಿಗೆ ಹೋಗುತ್ತಿದ್ದರು. ತಾಯಪ್ಪನ ತಗಡಿನ ಗುಡಿಸಲು ಉಗ್ರಾಣದ ಹಿಂದೆ, ಪಾಯಖಾನೆಯ ಸಾಲಿಗೆ ಎದುರಾಗಿತ್ತು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ದಿನಕ್ಕೆ ನಲವತ್ತು ಜೋಡಿ ಬೂಟು. ಅಟ್ಟೆ ಬದಲಿಸುವುದು, ಮೊಳೆ ಬಡಿಯುವುದು, ಹರಿದ ಬಾಯಿ ಹೊಲಿಯುವುದು. ದಬ್ಬಣ ಹಿಡಿದು ಹಿಡಿದು ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ನೀರಿನ ಟ್ಯಾಂಕಿನ ಪಕ್ಕದ ಮೊಳೆಗೆ ಅವನದೊಂದು ತಗಡಿನ ಮಗ್ಗು ಬೇರೆಯಾಗಿ ನೇತುಹಾಕಿತ್ತು. ಶಿಬಿರದ ಗೇಟಿನ ಮೇಲೆ 'ಇಲ್ಲಿ ಎಲ್ಲರೂ ಒಂದೇ' ಎಂದು ಹಿಂದಿಯಲ್ಲಿ ಬರೆದಿತ್ತು. ಅವನ ಹೆಸರು ಅಲ್ಲಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೂಲಿಯ ಪಟ್ಟಿಯಲ್ಲಿ 'ಮೋಚಿ' ಎಂದಷ್ಟೇ ಇತ್ತು.

ಸಿಪಾಯಿಯಾಗಲು ಎರಡು ಸಲ ಸಾಲಿನಲ್ಲಿ ನಿಂತಿದ್ದ, ಅರವತ್ತೆಂಟರಲ್ಲಿ ಮತ್ತು ಎಪ್ಪತ್ತರಲ್ಲಿ. ಎದೆ ಅಳತೆ ಸರಿ ಬಂತು. ಓಟ ಸರಿ ಬಂತು. ಎರಡನೇ ಸಲ, ಊರು ಕೇಳಿ, ಊರಿನಲ್ಲಿ ಯಾವ ಕಡೆ ಎಂದು ಕೇಳಿ, ಭರ್ತಿಯ ಗುಮಾಸ್ತ ಕಾಗದವನ್ನು ಪಕ್ಕಕ್ಕಿಟ್ಟ.

"ನೀನೂ ಸಿಪಾಯಿ ಆದ್ರ ಸಿಪಾಯಿಗಳ ಬೂಟು ಹೊಲಿಯೋರು ಯಾರಲೇ?" ಎಂದ. ಸಾಲು ನಕ್ಕಿತು.

ಫುಟ್‌ಬಾಲ್ ಅವನಿಗೆ ಬಂದದ್ದು ಹೊಲಿಗೆಯಿಂದ. ಶಿಬಿರದ ಚೆಂಡುಗಳು ಚರ್ಮದವು. ಬಾಯಿಗೆ ಲೇಸು, ಒಳಗೆ ರಬ್ಬರಿನ ಬ್ಲಾಡರು. ಕೆಂಪು ಕಲ್ಲುನೆಲದಲ್ಲಿ ಎರಡು ವಾರಕ್ಕೆ ಹೊಲಿಗೆ ಬಿಡುತ್ತಿತ್ತು. ಹೊಲಿಗೆ ಸರಿ ಬಿದ್ದಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಒದ್ದೇ ನೋಡಬೇಕು. ಒಂದು ಕಡೆ ದಾರ ಬಿಗಿಯಾದರೂ ಚೆಂಡು ಓರೆಯಾಗಿ ಹೋಗುತ್ತದೆ. ಐದು ವರ್ಷ ಪ್ರತಿ ಚೆಂಡನ್ನೂ ಅವನು ಉಗ್ರಾಣದ ಹಿಂಗೋಡೆಗೆ ಬರಿಗಾಲಲ್ಲಿ ಒದ್ದು ನೋಡಿದ್ದ. ಗೋಡೆಯಲ್ಲಿ ಒಂದು ಇಟ್ಟಿಗೆಯ ಗಾರೆ ಉದುರಿತ್ತು. ಅದೇ ಅವನ ಗುರಿ.

ಅಕ್ಟೋಬರ್ ಇಪ್ಪತ್ತರಂದು ಹೊಸಪೇಟೆ ನಿಲ್ದಾಣದಿಂದ ಒಂದು ರೈಲು ಹೋಯಿತು. ಡಬ್ಬಿಗಳಿಗೆ ತಾಡಪಾಲು ಹೊದಿಸಿತ್ತು. ಎಲ್ಲಿಗೆ ಎಂದು ಯಾರೂ ಹೇಳಲಿಲ್ಲ. ಅದರಲ್ಲಿ ಶಿಬಿರದ ಫುಟ್‌ಬಾಲ್ ತಂಡದ ಎಂಟು ಮಂದಿ ಹೋದರು. ಹೋಗುವ ಮುಂಚೆ ಆಟದ ಬೂಟುಗಳನ್ನು ತಾಯಪ್ಪನ ಗುಡಿಸಲಿಗೆ ತಂದು ಸುರಿದರು.

"ಬಂದು ತಗೊಂತೀವಿ. ಎಣ್ಣಿ ಹಚ್ಚಿ ಇಡು," ಎಂದ ಅವರಲ್ಲೊಬ್ಬ. ಕಂಪ್ಲಿ ಕಡೆಯ ಎರ್ರಿಯಪ್ಪ. ಒಂಬತ್ತನೇ ನಂಬರಿನ ಅಂಗಿಯವ. ಅವನ ಬಲಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಬೂಟು ಒತ್ತಬಾರದೆಂದು ತಾಯಪ್ಪನೇ ಆ ಜಾಗದ ಚರ್ಮ ನೆನೆಸಿ, ಕಟ್ಟಿಗೆಯ ಅಚ್ಚಿನಲ್ಲಿ ಒಂದು ಉಬ್ಬು ತೆಗೆದುಕೊಟ್ಟಿದ್ದ. ಎಂಟು ಜೋಡಿಯಲ್ಲಿ ಆ ಜೋಡಿಯನ್ನು ಕಣ್ಣುಮುಚ್ಚಿ ಗುರುತಿಸಬಹುದಿತ್ತು.

ತಂಡದ ಉಸ್ತುವಾರಿ ಸುಬೇದಾರ್ ಮೈಲಾರಲಿಂಗಪ್ಪನದು. ಹಡಗಲಿ ಕಡೆಯವ, ನಲವತ್ತೈದು ದಾಟಿದವ, ಪಂದ್ಯ ಸೋತರೆ ಎರಡು ದಿನ ಊಟ ಬಿಡುವವ. ಹೊಸಪೇಟೆಯ ಶೀಲ್ಡ್ ಪಂದ್ಯಾವಳಿಗೆ ಹದಿನೆಂಟು ಹೆಸರಿನ ಪಟ್ಟಿ ಅಕ್ಟೋಬರ್ ಒಂದಕ್ಕೇ ಮುಚ್ಚಿತ್ತು. ಹದಿನೆಂಟರಲ್ಲಿ ಎಂಟು ಹೋದರೆ ಹತ್ತು. ಒಬ್ಬ ಕಡಿಮೆ. ಅವನು ಒಂದು ಮುಂಜಾನೆ ಚೊಂಬು ಹಿಡಿದು ಪಾಯಖಾನೆಗೆ ಹೊರಟವ ಗೋಡೆಗೆ ಚೆಂಡು ಬಡಿಯುವ ಸದ್ದು ಕೇಳಿ ನಿಂತ. ಚೆಂಡು ಮೂರು ಸಲ ಅದೇ ಇಟ್ಟಿಗೆಗೆ ಬಡಿಯಿತು.

"ಎಡಗಾಲ್ಲೆ ಹೊಡಿ."

ತಾಯಪ್ಪ ಹೊಡೆದ. ಅದೇ ಇಟ್ಟಿಗೆ.

"ಓಡಿ ಬಂದು ಹೊಡಿ."

ಹೊಡೆದ.

ಸುಬೇದಾರ್ ಚೊಂಬು ಕೆಳಗಿಟ್ಟ. "ಇನ್ನ ನೀನು ಎರ್ರಿಯಪ್ಪ."

"ಏನ್ರಿ?"

"ಅವನ ಹೆಸರು ಪಟ್ಟ್ಯಾಗ ಐತಿ, ಮನಿಷಾ ಇಲ್ಲ. ನೀನು ಮನಿಷಾ ಅದಿ, ಪಟ್ಟ್ಯಾಗ ಹೆಸರಿಲ್ಲ. ಸರಿ ಹೋತು."

"ನನ್ನ ಹೆಸರೇ ಬರೀರಲ್ರಿ ಸಾಹೇಬ್ರ."

"ಪಟ್ಟಿ ಮುಚ್ಚೈತಿ. ತೆರದಿದ್ರೂ ಮೋಚಿ ಹೆಸರು ಬರ್ಯಾಕ ಬರಂಗಿಲ್ಲ. ಸಿಪಾಯಿ ಇರ್ಬೇಕು."

"ಹಂಗಾರ ಸಿಪಾಯಿ ಮಾಡ್ರಿ."

ಸುಬೇದಾರ್ ನಕ್ಕ. ಆಮೇಲೆ ಗೋಡೆಯ ಇಟ್ಟಿಗೆಯನ್ನು ನೋಡಿದ. ನಗು ನಿಲ್ಲಿಸಿದ. "ಶೀಲ್ಡ್ ತಂದುಕೊಡು. ಮಾಡಿಸ್ತೀನಿ. ಮೈಲಾರಲಿಂಗನ ಆಣಿ."

ಹೆಂಡತಿ ಭೀಮವ್ವನಿಗೆ ಇದು ಸರಿಕಾಣಲಿಲ್ಲ. ಅವಳು ಆರು ತಿಂಗಳ ಬಸುರಿ. ರೊಟ್ಟಿ ಬಡಿಯುತ್ತ ಕೇಳಿದಳು. "ನಿಮಗ ಹೆಸರು ಇಟ್ಟಿದ್ದು ಯಾಕಂತ? ಇನ್ನೊಬ್ರ ಹೆಸರು ಹೊತ್ಕೊಂಡು ತಿರಗಾಕೇನು? ಸಂತ್ಯಾಗ ಯಾರರ ಕರದ್ರ ಯಾವ ಹೆಸರಿಗೆ ಓ ಅಂತೀರಿ?"

"ನಾಕು ಪಂದ್ಯ, ಒಂದು ಫೈನಲ್ಲು. ಆಮ್ಯಾಲೆ ನನ್ನ ಹೆಸರಿಗೇ ಅಂಗಿ ಬರ್ತೈತಿ."

"ಬರ್ಲಿ ಬುಡ್ರಿ. ಬಂದ ಮ್ಯಾಲೆ ಆ ಅಂಗೀನರ ನಾನು ಒಗೀಬೌದೋ, ಅದ್ಕೂ ಬ್ಯಾರೆ ಬಕೀಟೋ?"

ಆ ಪಂದ್ಯಾವಳಿಯಲ್ಲಿ ಒಂದು ಕ್ರಮವಿತ್ತು. ಹಿಂದೊಮ್ಮೆ ಯಾರೋ ಹೊರಗಿನ ಆಟಗಾರರನ್ನು ತಂದು ಆಡಿಸಿ ಜಗಳವಾಗಿತ್ತು. ಅಂದಿನಿಂದ ಆಟಕ್ಕೆ ಮುಂಚೆ ರೆಫರಿ ಪಟ್ಟಿ ಹಿಡಿದು ಒಂದೊಂದೇ ಹೆಸರು ಕೂಗುವುದು, ಆಟಗಾರ ಒಂದು ಹೆಜ್ಜೆ ಮುಂದೆ ಬಂದು 'ಹಾಜರ್' ಅನ್ನುವುದು. ರೆಫರಿ ಹೊಸಪೇಟೆಯ ಶಾಲೆಯೊಂದರ ಕವಾಯತು ಮಾಸ್ತರ ಗುಡ್ಡಪ್ಪ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡವರು. ಅಕ್ಟೋಬರ್ ಮೂವತ್ತೊಂದರ ಭಾನುವಾರ, ಕಂಪ್ಲಿ ತಂಡದ ಎದುರು, ಅವರು "ಎರ್ರಿಯಪ್ಪ" ಎಂದಾಗ ತಾಯಪ್ಪ ಪಕ್ಕದವನತ್ತ ನೋಡಿದ. ಹಿಂದಿನಿಂದ ಸುಬೇದಾರ್ ಕೆಮ್ಮಿದ.

"ಹಾಜರ್."

ಕಂಪ್ಲಿಯವರಿಗೆ ಎರ್ರಿಯಪ್ಪನ ಗುರುತಿರಬಹುದು ಎಂಬ ಭಯವಿತ್ತು. ಗುರುತಿರಲಿಲ್ಲ. ಅವನದು ಕಂಪ್ಲಿಯಿಂದ ಆರು ಮೈಲಿ ಒಳಗಿನ ಹಳ್ಳಿ. ಹದಿನೇಳಕ್ಕೇ ಮನೆಬಿಟ್ಟು ಭರ್ತಿಯಾದವ.

ಆ ದಿನ ತಾಯಪ್ಪ ಒಂದು ಗೋಲು ಹೊಡೆದ. ಅಪ್ಪಿಕೊಳ್ಳಲು ಓಡಿಬಂದ ಬಲಬದಿಯ ಆಟಗಾರ ಎರಡು ಹೆಜ್ಜೆ ಹಿಂದೆಯೇ ನಿಂತು ಚಪ್ಪಾಳೆ ತಟ್ಟಿದ. ಬಿಡುವಿನಲ್ಲಿ ಮೋಸಂಬಿ ಹೋಳು ಹಂಚಿದರು. ಹತ್ತು ಮಂದಿಗೆ ಕೈಯಲ್ಲಿಟ್ಟರು. ಅವನ ಬೊಗಸೆಗೆ ಮೇಲಿನಿಂದ ಬಿಟ್ಟರು. ಸೋಮವಾರ ಬೆಳಿಗ್ಗೆ ಹನ್ನೊಂದು ಜೋಡಿ ಬೂಟು ಅವನ ಗುಡಿಸಲ ಮುಂದೆ ರಾಶಿ ಬಿದ್ದಿದ್ದವು. ಹತ್ತು ಅವರವು, ಒಂದು ಅವನು ಹಾಕಿಕೊಂಡಿದ್ದ ಎರ್ರಿಯಪ್ಪನದು. ಮೈ ನೋಯುತ್ತಿತ್ತು. ಹನ್ನೊಂದರ ಮಣ್ಣನ್ನೂ ಅವನೇ ಕೆರೆದ. ಮಾಸಿದ ಅಂಗಿಗಳಲ್ಲಿ ಒಂಬತ್ತನೆಯದನ್ನು ಅಗಸ ಬೇರೆ ಬಕೀಟಿಗೆ ಹಾಕಿದ. ಹೆಂಡತಿ ತಮಾಷೆಗೆ ಹೇಳಿದ್ದು ಸುಳ್ಳಾಗಲಿಲ್ಲ.

ನವೆಂಬರ್ ಹದಿನಾಲ್ಕರಂದು ಸಕ್ಕರೆ ಕಾರ್ಖಾನೆಯ ತಂಡವನ್ನು ಸೋಲಿಸಿದರು. ಆಟ ಮುಗಿಸಿ ಬರುವಾಗ ಸ್ಟೇಷನ್ ರಸ್ತೆಯ ಹೋಟೆಲಿನ ಮಾಲಿಕ ಗಲ್ಲಾ ಬಿಟ್ಟು ರಸ್ತೆಗೇ ಬಂದ. "ಎರ್ರಿಯಪ್ಪನವ್ರ, ಬರ್ರಿ, ಒಳಗ ಕುಂದ್ರಿ. ಏನ್ ಹೊಡತಾರೀ ಅದು, ಮಸ್ತ್!" ಗಾಜಿನ ಲೋಟದಲ್ಲಿ ಚಹಾ ಕೊಟ್ಟ. ಅದೇ ಹೋಟೆಲಿನ ಹಿಂಬಾಗಿಲಲ್ಲಿ ತಾಯಪ್ಪ ಐದು ವರ್ಷದಿಂದ ತೆಂಗಿನ ಚಿಪ್ಪಿನಲ್ಲಿ ಚಹಾ ಕುಡಿದಿದ್ದ. ಚಿಪ್ಪು ತೊಳೆದು ಗೋಡೆಯ ಸಂದಿಗೆ ಇಟ್ಟು ಹೋಗುತ್ತಿದ್ದ. ಮಾಲಿಕ ಅವತ್ತೂ ಮುಖ ಗುರುತಿಸಲಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ, ಅಷ್ಟೆ. ಲೋಟ ಬಿಸಿಯಿತ್ತು. ತಾಯಪ್ಪ ಕುಡಿದ. ಕುಡಿಯಬಾರದಿತ್ತೆಂದು ಅವನಿಗೆ ಅನ್ನಿಸಲಿಲ್ಲ. ಬೇಕೆನ್ನಿಸಿತು. ಇನ್ನೊಂದು ಬೇಕೆನ್ನಿಸಿತು.

ಎರ್ರಿಯಪ್ಪನ ಬಲಗಾಲಿನ ಬೂಟಿನ ಉಬ್ಬಿನಲ್ಲಿ ಅವನ ಕಿರುಬೆರಳು ತುಂಬುತ್ತಿರಲಿಲ್ಲ. ಓಡುವಾಗ ಆ ಖಾಲಿ ಜಾಗ ತಿಳಿಯುತ್ತಿತ್ತು. ಒಂದು ಅರಿವೆಯ ಚೂರು ತುರುಕಿಕೊಂಡ.

ನವೆಂಬರ್ ಇಪ್ಪತ್ತೆಂಟರಂದು ರೈಲ್ವೆ ತಂಡ ಸೋತಿತು. ಡಿಸೆಂಬರ್ ಮೂರರಂದು ಯುದ್ಧ ಶುರುವಾಯಿತು. ಆಣೆಕಟ್ಟಿನ ದೀಪಗಳು ಆರಿದವು. ಸೇತುವೆಗಳಿಗೆ ಕಾವಲು ಬಿತ್ತು. ಪಂದ್ಯಾವಳಿ ನಿಲ್ಲಬಹುದು ಎಂದುಕೊಂಡರೆ ನಿಲ್ಲಲಿಲ್ಲ. ಜನರ ಧೈರ್ಯಕ್ಕೆ ಆಟ ನಡೆಯಬೇಕು ಎಂದು ಮೇಲಿನಿಂದ ಹೇಳಿಬಂತು. ಐದನೇ ತಾರೀಖಿನ ಸೆಮಿಫೈನಲ್ ನೋಡಲು ಜನ ಟ್ರಾನ್ಸಿಸ್ಟರ್ ಹಿಡಿದು ಬಂದರು. ಅವರು ಚೆಂಡನ್ನು ನೋಡುತ್ತ, ವಾರ್ತೆ ಕೇಳುತ್ತ ಕೂತರು. ಯಾವಾಗ ಯಾವುದಕ್ಕೆ ಕೂಗಿದರೆಂದು ಗೊತ್ತಾಗುತ್ತಿರಲಿಲ್ಲ. ತಾಯಪ್ಪ ಎರಡು ಗೋಲು ಹೊಡೆದ. ಮಂಗಳವಾರದ ಪತ್ರಿಕೆಯಲ್ಲಿ ಮೂರು ಸಾಲು ಬಂತು. 'ಶಿಬಿರದ ತಂಡ ಫೈನಲ್‌ಗೆ. ಎರ್ರಿಯಪ್ಪ ಹೊಡೆದ ಎರಡು ಗೋಲು.'

ಒಂಬತ್ತರಂದು ಬಂದ ಎರಡು ಚೀಟಿಯ ಜೋಡಿಗಳಿಗೆ ಅವನು ಗಂಟು ಹಾಕಿದ. ಎರಡೂ ಆ ಎಂಟರಲ್ಲಿನವೇ. ಒಬ್ಬ ಗೋಲ್‌ಕೀಪರ್, ಒಬ್ಬ ಎಡಬದಿಯವ. ಎಂಟು ಜೋಡಿಯ ಸಾಲಿನಲ್ಲಿ ಎರಡು ಕಡೆ ಖಾಲಿ ಬಿತ್ತು.

ಹನ್ನೊಂದರ ಶನಿವಾರ ಮಧ್ಯಾಹ್ನ ಮೂರನೇ ಚೀಟಿ ಬಂದಾಗ ಅವನು ಮರುದಿನದ ಫೈನಲ್‌ಗೆ ಎರ್ರಿಯಪ್ಪನ ಬೂಟಿನ ಅಟ್ಟೆಗೆ ಕಾಲು ಜಾರದಂತೆ ಹೊಸ ಸ್ಟಡ್ ಬಡಿಯುತ್ತಿದ್ದ. ಬೂಟು ಅವನ ತೊಡೆಗಳ ನಡುವೆ ಇತ್ತು. ಅವನು ನಾಲ್ಕನೇ ಇಯತ್ತೆ ಓದಿದವ. ಹೆಸರು ಓದಲು ಅಷ್ಟು ಸಾಕಿತ್ತು.

ಎದ್ದು ಉಗ್ರಾಣಕ್ಕೆ ಹೋದ. ಬಾಗಿಲ ಹೊರಗೆ ನಿಂತು ಗುಮಾಸ್ತ ಕಾಳಪ್ಪನನ್ನು ಕೇಳಿದ. "ಚೀಟಿ ತಪ್ಪಿ ಬಂದೈತೇನ್ರಿ?"

"ತಪ್ಪಿಲ್ಲ. ಎಂಟನೇ ತಾರೀಖು ಹೋದ. ತಾರು ನಿನ್ನೆ ಬಂತು."

"ಅವರ ಮನಿಗೆ ಹೇಳ್ಯಾರೇನ್ರಿ?"

ಕಾಳಪ್ಪ ಕಂಬಳಿ ಎಣಿಸುವುದನ್ನು ನಿಲ್ಲಿಸಲಿಲ್ಲ. "ಅವರ ಹಳ್ಳಿಗೆ ತಾರಿಲ್ಲ, ಟಪಾಲು ವಾರಕ್ಕ ಎರಡು ಸಲ. ಅದ್ಕ ಅವ ಶಿಬಿರದ ವಿಳಾಸ ಕೊಟ್ಟಿದ್ದ. ತಾರು ಸುಬೇದಾರ್ರ ಕಿಸೇದಾಗ ಐತಿ. ಅವರು ಸುಮ್ನಿರು ಅಂತ ಎಲ್ಲಾರಿಗೂ ಹೇಳ್ಯಾರ. ಚೀಟಿ ಕಳಿಸಬ್ಯಾಡ ಅಂತ ನನಗ ಹೇಳಿಲ್ಲ. ನಾನು ನನ್ನ ಕೆಲಸ ಮಾಡೀನಿ."

ಸುಬೇದಾರ್ ಮೈದಾನದ ಅಂಚಿನಲ್ಲಿ ಸುಣ್ಣದ ಗೆರೆ ಎಳೆಸುತ್ತಿದ್ದ. ತಾಯಪ್ಪನ ಕೈಯಲ್ಲಿದ್ದ ಚೀಟಿ ನೋಡಿ ಕಾಳಪ್ಪನ ತಾಯಿಗೆ ಬೈದ. ಚೀಟಿ ಕಿತ್ತುಕೊಂಡು ಮಡಚಿದ.

"ನಾಳೆ ಸಂಜಿತನಕ ನಿನಗೇನೂ ಗೊತ್ತಿಲ್ಲ."

"ಸತ್ತಾವನ ಹೆಸರಿಗೆ ಹೆಂಗ ಹಾಜರ್ ಅನ್ನಲ್ರಿ?"

"ಇದ್ದಾವನ ಹೆಸರಿಗೆ ನಾಕು ಸಲ ಅಂದೀಯಲ್ಲ. ಆವಾಗ ನಾಲಿಗಿ ಹೊಳ್ಳಿತ್ತಿಲ್ಲೋ?" ಧ್ವನಿ ತಗ್ಗಿಸಿದ. "ಇಲ್ಲಿ ಕೇಳು. ಈಗ ಸತ್ತಾನಂತ ಹೇಳಿದ್ರ, ಐದನೇ ತಾರೀಖು ಅವ ಗಡಿಯಾಗಿದ್ದ ಅಂತ ಗೊತ್ತಾಗ್ತೈತಿ. ಗೆದ್ದ ಪಂದ್ಯ ಅಷ್ಟೂ ರದ್ದು. ನನ್ನ ಹೆಗಲಿನ ಪಟ್ಟಿ ಹೋತು, ನಿನ್ನ ಭರ್ತಿ ಹೋತು. ಒಂದು ದಿನ. ಒಂದು ದಿನ ತಡ ಆತಂದ್ರ ಅವ ಸಾಯೂದು ಬಿಡ್ತಾನೇನು?"

ಚೀಲದಿಂದ ಒಂದು ಕಾಗದ ತೆಗೆದ. ಭರ್ತಿಯ ಅಚ್ಚಿನ ಕಾಗದ. ಮೇಲೆ ಮುದ್ರೆ. ಹೆಸರಿನ ಸಾಲಿನಲ್ಲಿ 'ತಾಯಪ್ಪ, ಮಲಪನಗುಡಿ' ಎಂದಿತ್ತು. ಕೆಳಗೆ ಹಸಿರು ಶಾಯಿಯಲ್ಲಿ ಶಿಬಿರದ ದೊಡ್ಡ ಸಾಹೇಬರ ಸಹಿ.

"ನಾನು ಮಾತಿಗೆ ತಪ್ಪಿಲ್ಲ. ಸಹಿ ಆಗೈತಿ. ತಾರೀಖು ಅಷ್ಟು ಬಾಕಿ. ನಾಳೆ ಶೀಲ್ಡ್ ಬಂದ ಮ್ಯಾಲೆ ಸೋಮವಾರದ ತಾರೀಖು ಹಾಕ್ತೀನಿ."

ತಾಯಪ್ಪ ತನ್ನ ಹೆಸರನ್ನು ಓದಿದ. ಇನ್ನೊಮ್ಮೆ ಓದಿದ. ಗುಡಿಸಲಿಗೆ ಬಂದು ಉಳಿದ ಎರಡು ಸ್ಟಡ್ ಬಡಿದ. ಗಂಟು ಹಾಕಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಒಬ್ಬ ಹೆಂಗಸು ಬಂದಳು. ಐವತ್ತರ ಮೇಲಿನ ವಯಸ್ಸು. ಇಳಕಲ್ಲು ಸೀರೆ, ಕೊರಳಲ್ಲಿ ಕರಡಿಗೆ, ಕಂಕುಳಲ್ಲಿ ಬುತ್ತಿಯ ಗಂಟು. ಕಬ್ಬಿನ ಲಾರಿಯಲ್ಲಿ ಕಂಪ್ಲಿಯಿಂದ ಹೊಸಪೇಟೆಗೆ ಬಂದು, ಅಲ್ಲಿಂದ ನಡೆದು ಬಂದಿದ್ದಳು. ಗೇಟಿನ ಕಾವಲಿನವ ಹೊಸಬ. ಆಟಗಾರರ ಬೂಟು ಇರುವಲ್ಲಿಗೆ ಆಟಗಾರರು ಬರುತ್ತಾರೆ ಎಂದು ಅವಳನ್ನು ಮೋಚಿಯ ಗುಡಿಸಲಿಗೆ ಕಳಿಸಿದ.

"ಎರ್ರಿಯಪ್ಪ ಇಲ್ಲಿಗೆ ಬರ್ತಾನಂತಲ್ಲಪಾ? ನಾನು ಅವರವ್ವ, ಚೆನ್ನಬಸಮ್ಮ."

ತಾಯಪ್ಪ ಎದ್ದು ನಿಂತ.

"ನೀನ್ಯಾರು?"

"ಮೋಚಿ ರೀ."

ಅವಳು ಸೆರಗು ಎಳೆದುಕೊಂಡು ಎರಡು ಮಾರು ಸರಿದು ಕಲ್ಲಿನ ಮೇಲೆ ಕೂತಳು. ಮಾತು ನಿಲ್ಲಿಸಲಿಲ್ಲ. "ನಮ್ಮೂರ ಮಾಸ್ತರ ಪೇಪರ್ ಓದಿದ್ರು. ಹೊಸಪ್ಯಾಟ್ಯಾಗ ಎರಡು ಗೋಲು ಹೊಡದಾನಂತ. ಗಡಿಗೆ ಹೋಗೀನಿ ಅಂತ ಕಾಗದ ಬರದಿದ್ದ. ನಾನು ದಿನಾ ದೀಪ ಹಚ್ಚಿಟ್ಟು ಅಳಾಕತ್ತಿದ್ದೆ. ಇಲ್ಲೇ ಅದಾನಂದ್ರ ನನ್ನ ಜೀವ ಎಷ್ಟು ತಣ್ಣಗಾತು ಅಂತಿ! ಊರಿಗೆ ಯಾಕ ಬಂದಿಲ್ಲೋ ಏನೋ. ಹೆಣ್ಣು ನೋಡೀನಿ ಅಂದಿದ್ದೆ, ಅದ್ಕ ಸಿಟ್ಟೇನೋ. ಸಜ್ಜಿ ರೊಟ್ಟಿ ತಂದೀನಿ. ಚೆಂಡಾಡೋ ಮುಂದ ಉಣ್ಣಬೌದಿಲ್ಲೋ?"

ಎರ್ರಿಯಪ್ಪನ ಬೂಟು ಹಲಗೆಯ ಮೇಲಿತ್ತು. ತಾಯಪ್ಪ ಅದರ ಮೇಲೆ ಚರ್ಮದ ತುಂಡೊಂದನ್ನು ಎಳೆದ.

"ಮೈದಾನಕ್ಕ ಹೋಗ್ರಿ ಅವ್ವ. ನಾಕು ಗಂಟಿಗೆ ಆಟ. ಅಲ್ಲೇ..." ಎಂದ. ನೀರು ಬೇಕೇ ಎಂದು ಕೇಳಲಿಲ್ಲ. ಅವನ ಕೈಯಿಂದ ಅವಳು ಕುಡಿಯುತ್ತಿರಲಿಲ್ಲ. ಅವಳು ಎದ್ದು ಹೋದಳು. ಹೇಳಲು ಅವನಿಗೆ ಕಾಲು ಗಂಟೆ ಸಮಯವಿತ್ತು. ಹಸಿರು ಶಾಯಿಯ ಸಹಿ ಕಣ್ಣಮುಂದೆ ಇತ್ತು. ಹೇಳಲಿಲ್ಲ.

ಮೈದಾನದ ಸುತ್ತ ಹಗ್ಗ ಕಟ್ಟಿದ್ದರು. ಪೂರ್ವದಲ್ಲಿ ಶಿಬಿರದ ಇನ್ನೂರು ರಂಗರೂಟರು ಸಾಲಾಗಿ ಕೂತಿದ್ದರು. ಪಶ್ಚಿಮದಲ್ಲಿ ಸಂಡೂರಿನ ಗಣಿಯ ಕೂಲಿಗಳು, ಎದುರು ತಂಡ ಅವರದು. ಶಾಮಿಯಾನದ ಕೆಳಗೆ ದೊಡ್ಡ ಸಾಹೇಬರು, ಅದಿರಿನ ಸಾಹುಕಾರರು, ಮೇಜಿನ ಮೇಲೆ ಬೆಳ್ಳಿಯ ಶೀಲ್ಡ್. ಚೆನ್ನಬಸಮ್ಮ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಗೋಲುಗಂಬದ ಪಕ್ಕ ನಿಂತಿದ್ದಳು. ಹನ್ನೊಂದು ಮಂದಿ ಬಂದು ಸಾಲಾದಾಗ ಅವಳ ಕಣ್ಣು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಮತ್ತೆ ವಾಪಸು ಬಂತು.

ಗುಡ್ಡಪ್ಪ ಮಾಸ್ತರು ಪಟ್ಟಿ ಬಿಚ್ಚಿದರು. ಎಂಟು ಹೆಸರು, ಎಂಟು ಹಾಜರ್.

"ಎರ್ರಿಯಪ್ಪ."

ಚೆನ್ನಬಸಮ್ಮ ಹಿಮ್ಮಡಿ ಎತ್ತಿ ನೋಡಿದಳು.

ತಾಯಪ್ಪ ಮುಂದೆ ಬರಲಿಲ್ಲ.

"ಎರ್ರಿಯಪ್ಪ!" ಮಾಸ್ತರು ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದರು. ನಾಲ್ಕು ಪಂದ್ಯದಲ್ಲಿ ಈ ಮುಖ ಕಂಡಿದ್ದರು. ಹಿಂದಿನಿಂದ ಸುಬೇದಾರ್ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.

ತಾಯಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಎರ್ರಿಯಪ್ಪ ಇಲ್ರಿ ಮಾಸ್ತರ. ನಾನು ತಾಯಪ್ಪ. ಮಲಪನಗುಡಿ. ಶಿಬಿರದ ಮೋಚಿ."

"ಏನಂದಿ?"

"ನಾಕು ಪಂದ್ಯ ಆಡಿದ್ದೂ ನಾನೇ ರೀ."

"ಮುಚ್ಚಲೇ ಬಾಯಿ!" ಎಂದ ಸುಬೇದಾರ್.

ತಾಯಪ್ಪ ನೆಲದ ಮೇಲೆ ಕೂತ. ಬೂಟು ಬಿಚ್ಚಿದ. ಅರಿವೆಯ ಚೂರು ಹೊರಗೆಳೆದ. ಅಂಗೈಯಿಂದ ಮಣ್ಣು ಕೊಡವಿದ. ಎಡಗಾಲಿನ ಲೇಸಿಗೆ ಬಲಗಾಲಿನ ಲೇಸು ಸೇರಿಸಿ ಒಂದೇ ಗಂಟು ಹಾಕಿ ಸುಣ್ಣದ ಗೆರೆಯ ಮೇಲೆ ಇಟ್ಟ.

ಪೂರ್ವದ ಸಾಲಿನಲ್ಲಿ ಒಬ್ಬ ರಂಗರೂಟ ಎದ್ದು ನಿಂತ. ಅವನ ಪಕ್ಕದವ ಎದ್ದ. ಆಮೇಲೆ ಇನ್ನೂರೂ ಮಂದಿ ಎದ್ದರು. ಯಾರೂ ಆಜ್ಞೆ ಕೊಟ್ಟಿರಲಿಲ್ಲ. ತಲೆಯ ಟೋಪಿಗಳು ಕೈಗೆ ಬಂದವು. ಗಣಿಯ ಕಡೆಯವರಿಗೆ ಅರ್ಥವಾಗಲಿಲ್ಲ, ಆದರೂ ಅವರ ಗದ್ದಲ ನಿಂತಿತು. ಯಾರದೋ ಟ್ರಾನ್ಸಿಸ್ಟರ್ ಮಾತ್ರ ಮಾತಾಡುತ್ತಿತ್ತು. ಅದನ್ನೂ ಆರಿಸಿದರು.

"ಯಾಕ ಎದ್ದ್ರು ಎಲ್ಲಾರೂ?" ಚೆನ್ನಬಸಮ್ಮ ಪಕ್ಕದವನನ್ನು ಕೇಳಿದಳು. "ಯಾಕಪಾ ಎದ್ದ್ರು?"

ಅವಳು ಹಗ್ಗದ ಕೆಳಗೆ ನುಸುಳಿ ಬಂದಳು. ಬುತ್ತಿಯ ಗಂಟು ಕಂಕುಳಲ್ಲೇ ಇತ್ತು. ಗೆರೆಯ ಮೇಲಿನ ಬೂಟುಗಳನ್ನು ನೋಡಿದಳು. ಬಾಗಿ, ಬಲಗಾಲಿನ ಬೂಟಿನ ಉಬ್ಬಿನ ಮೇಲೆ ಬೆರಳಿಟ್ಟಳು.

"ಇದು ನನ್ನ ಮಗಂದು."

"ಹೌದ್ರಿ ಅವ್ವ."

"ಅವ ಎಲ್ಲದಾನ?"

"ಬುಧವಾರ ಹೋದ್ರಂತ ರೀ. ಗಡಿಯಾಗ. ತಾರು ಶುಕ್ರವಾರ ಬಂದೈತಿ."

ಅವಳು ಅವನನ್ನು ನೋಡಿದಳು. "ಮುಂಜಾನೆ ನೀನು ನನ್ನ ಮುಂದ ನಿಂತಿದ್ದಿ."

"ನಿಂತಿದ್ದೆ ರೀ."

"ಗೊತ್ತಿತ್ತು?"

"ಗೊತ್ತಿತ್ತು ರೀ. ನನಗ ಸಿಪಾಯಿ ಆಗೋ ಕಾಗದ ಬೇಕಾಗಿತ್ತು. ಅದ್ಕ ಹೇಳಲಿಲ್ಲ."

ಅವಳು ಅವನ ಕೆನ್ನೆಗೆ ಹೊಡೆದಳು. ಅವನು ಮುಖ ತಿರುಗಿಸಲಿಲ್ಲ. ಆಮೇಲೆ ಅವಳು ಸುಬೇದಾರನ ಕಡೆ ತಿರುಗಿ ಕೈ ಚಾಚಿದಳು. "ತಾರು ಕೊಡು."

"ತಾಯಿ, ಇವತ್ತು ಸಂಜಿಗೆ ನಾವೇ..."

"ಕೊಡು."

ನಾಲ್ಕು ಮಡಿಕೆಯ ತಾರು ಅಂಗಿಯ ಕಿಸೆಯಿಂದ ಹೊರಬಂತು. ಬೆವರಿಗೆ ಒದ್ದೆಯಾಗಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ. ಗುಡ್ಡಪ್ಪ ಮಾಸ್ತರು ಓದಿದರು. ಹನ್ನೊಂದು ಶಬ್ದ ಇತ್ತು. ಅವಳು ಬೂಟಿನ ಜೋಡಿಯನ್ನು ಗಂಟಿನಲ್ಲಿ ಹಿಡಿದು ಎತ್ತಿ ಹೆಗಲಿಗೆ ಹಾಕಿಕೊಂಡಳು. ಒಂದು ಬೂಟು ಎದೆಗೆ ಬಂತು, ಇನ್ನೊಂದು ಬೆನ್ನಿಗೆ. ಶಾಮಿಯಾನದ ಮುಂದೆ ಹೋಗಿ ನಿಂತಳು.

"ನನ್ನ ಮಗ ಸತ್ತು ನಾಕು ದಿನ ಆತು. ನೀವು ಇಲ್ಲಿ ಅವನ್ನ ಆಡಿಸಾಕತ್ತೀರಿ," ಎಂದಳು. "ಆ ಹುಡುಗ ಬದಕ್ಯಾನ, ಅವಗ ಹೆಸರಿಲ್ಲ. ನನ್ನ ಮಗ ಸತ್ತಾನ, ಅವಗ ಸಾವಿಲ್ಲ. ಎಂಥಾ ಮಂದೀರಿ ನೀವು?"

ದೊಡ್ಡ ಸಾಹೇಬರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಪಕ್ಕಕ್ಕೆ ಬಾಗಿ ಏನೋ ಕೇಳಿದರು. ಯಾರೂ ಅನುವಾದ ಮಾಡಲಿಲ್ಲ.

ಆಟ ನಡೆಯಲಿಲ್ಲ. ಶೀಲ್ಡ್ ಗಣಿಯ ತಂಡಕ್ಕೆ ಹೋಯಿತು. ಅವರು ಅದನ್ನು ಎತ್ತಿ ಕುಣಿಯಲಿಲ್ಲ, ಗೋಣಿಯಲ್ಲಿ ಸುತ್ತಿ ಲಾರಿಗೆ ಹಾಕಿಕೊಂಡು ಹೋದರು. ಮಂಗಳವಾರದ ಪತ್ರಿಕೆಯಲ್ಲಿ ಒಂದೇ ಸಾಲು ಬಂತು. 'ಆಟಗಾರರ ಕೊರತೆಯಿಂದ ಫೈನಲ್ ರದ್ದು.'

ತಾಯಪ್ಪನನ್ನು ಬರಿಗಾಲಲ್ಲಿ ನಡೆಸಿಕೊಂಡು ಹೋಗಿ ಕಾವಲುಕೋಣೆಗೆ ಹಾಕಿದರು. ಆರೋಪ, ಬೇರೆಯವನ ಹೆಸರಿನಲ್ಲಿ ಆಡಿ ಶಿಬಿರವನ್ನು ವಂಚಿಸಿದ್ದು. ಅದ‌ನ್ನು ಬರೆದುಕೊಟ್ಟವನು ಸುಬೇದಾರ್ ಮೈಲಾರಲಿಂಗಪ್ಪ. ಹಸಿರು ಶಾಯಿಯ ಸಹಿಯಿದ್ದ ಕಾಗದ ಏನಾಯಿತೆಂದು ಯಾರೂ ಹೇಳಲಿಲ್ಲ. ಕಾವಲಿನವ ದಪ್ಪ ಪುಸ್ತಕ ತೆರೆದು ಕೇಳಿದ. "ಹೆಸರು?"

"ತಾಯಪ್ಪ."

ಕಾವಲಿನವ ಬರೆದುಕೊಂಡ. ಶಿಬಿರದ ಪುಸ್ತಕದಲ್ಲಿ ಆ ಹೆಸರು ಬಿದ್ದದ್ದು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಭೀಮವ್ವ ಏಳು ಮೈಲಿ ನಡೆದು ರೊಟ್ಟಿ ತಂದಳು. ಗೇಟಿನಲ್ಲೇ ತಡೆದರು. ರೊಟ್ಟಿ ಮಾತ್ರ ಒಳಗೆ ಬಂತು. ಹತ್ತು ಗಂಟೆಗೆ ಕಂಬಿಯ ಹೊರಗೆ ಉಗ್ರಾಣದ ಕಾಳಪ್ಪ ಬಂದು ನಿಂತ. ಅವನ ಕೈಯಲ್ಲಿ ನಾಲ್ಕು ಚೀಟಿ ಇದ್ದವು. ಬಗಲಲ್ಲಿ ಒಂದು ಗೋಣಿಚೀಲ. ಅದರ ಬಾಯಿಂದ ಬೂಟುಗಳ ಮೂತಿ ಕಾಣುತ್ತಿತ್ತು.

"ತಾಯಪ್ಪ, ಜಲ್ದಿ ಗಂಟು ಹಾಕಿಕೊಡು. ಮಧ್ಯಾಹ್ನದ ರೈಲಿಗೆ ಪೆಟ್ಟಿಗಿ ಹೋಗ್ಬೇಕು."

ತಾಯಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಏಳಲಿಲ್ಲ.

"ನಾಕು ಜೋಡಿ ಲೇ. ನಾಕು ನಿಮಿಷದ ಕೆಲಸ."

"ನೀವೇ ಹಾಕ್ರಿ."

"ನಾನಾ? ನಾನು ಹೆಂಗ ಮುಟ್ಲಿ?"

"ನಿಮ್ಮವರ ಬೂಟು ರೀ ಅವು. ಮುಟ್ರಿ."

ಕಾಳಪ್ಪ ಸುತ್ತ ನೋಡಿದ. ಕಾವಲಿನವ ಮುಖ ತಿರುಗಿಸಿಕೊಂಡ. ಹೊರಗೆ ಅದಿರಿನ ಲಾರಿಗಳು ಹೋಗುತ್ತಿದ್ದವು. ಆಫೀಸಿನಿಂದ ಇನ್ನೊಬ್ಬ ಆಳು ಓಡಿ ಬಂದು ಕಾಳಪ್ಪನ ಕೈಗೆ ಮತ್ತೊಂದು ಚೀಟಿ ಕೊಟ್ಟು ಹೋದ. ಐದಾಯಿತು.

ಕಾಳಪ್ಪ ಕೊನೆಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಚೀಲದಿಂದ ಒಂದು ಬೂಟನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿದ.